ಮೀಸಲು ಪಡೆಯೂ ಮನೆಯ ಮಗ್ಗವೂ

(ಶತಮಾನೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮ್ಮೇಳನದಲ್ಲಿ ಓದಿದ ಭಾಷಣ)



ದೇಶರಕ್ಷಣೆಯಲ್ಲಿ ಮೀಸಲು ಪಡೆಗಳ ಸಿದ್ಧತೆ ಎಂಬ ವಿಷಯವನ್ನು ಸ್ವಾಗತ ಸಮಿತಿಯವರು ಸೂಚಿಸಿದಾಗ ನಾವು ಮೊದಲು ಒಲ್ಲೆವೆಂದೆವು. ನಾವು ಸೈನಿಕರಲ್ಲ. ಮಗ್ಗದ ಮನೆಗಳಲ್ಲಿ ಹುಟ್ಟಿ, ಇದೇ ಶಾಲೆಯ ಹಲಗೆಗಳ ಮೇಲೆ ಕುಳಿತು ಕನ್ನಡ ಅಕ್ಷರ ತಿದ್ದಿ, ಅನಂತರ ಅವರವರ ಅನ್ನದ ದಾರಿ ಹಿಡಿದವರು. ಒಂದು ಕಾಲದಲ್ಲಿ ನಾವು ಐವರು ಗೆಳೆಯರಿದ್ದೆವು. ಈಗ ಉಳಿದವರು ಮೂವರು. ಮೂವರೂ ಕೂಡಿ ಬರೆದುದನ್ನು ಒಬ್ಬರ ಕಂಠದಿಂದ ಇಲ್ಲಿ ಓದುತ್ತಿದ್ದೇವೆ. ಐವರಲ್ಲಿ ಒಬ್ಬನು ಪ್ರಾದೇಶಿಕ ಸೇನೆಗೆ, ಅಂದರೆ ಟೆರಿಟೋರಿಯಲ್ ಆರ್ಮಿಗೆ ಸೇರಿದ್ದನು. ಅವನು ಕರೆ ಬಂದು ಹೋದದ್ದೂ ಹಿಂದಿರುಗಿದ್ದೂ ನಮ್ಮ ಕಣ್ಣ ಮುಂದೆಯೇ ನಡೆಯಿತು. ಆ ಕಥೆಯಲ್ಲಿ ನಮ್ಮ ಪಾಲೂ ಇದೆ, ಅದು ಹೆಮ್ಮೆಯ ಪಾಲಲ್ಲ. ಅವನ ಮನೆಯವರ ಒಪ್ಪಿಗೆ ಪಡೆದೇ ಹೇಳುತ್ತೇವೆ. ಹೆಸರು ಬೇಡವೆಂದು ಅವರು ಕೋರಿದ್ದಾರೆ.

ಕಥೆಗೆ ಹೋಗುವ ಮುನ್ನ ಮಾತಿನ ಅರ್ಥವನ್ನು ಸ್ವಲ್ಪ ತಿಳಿಯಾಗಿಸಿಕೊಳ್ಳಬೇಕು. ಮೀಸಲು ಪಡೆ ಎಂದೊಡನೆ ನಮ್ಮಲ್ಲಿ ಹಲವರಿಗೆ ಗಲಭೆಯ ದಿನ ಬೀದಿಯ ತುದಿಯಲ್ಲಿ ವ್ಯಾನಿನಿಂದ ಇಳಿಯುವ ಮೀಸಲು ಪೊಲೀಸರ ನೆನಪಾಗುತ್ತದೆ. ಅವರದು ಪೂರ್ಣಕಾಲದ ಉದ್ಯೋಗ. ನಾವು ಹೇಳುವುದು ಬೇರೆಯವರ ವಿಚಾರ. ವರ್ಷದ ಬಹುಭಾಗ ರೈತನಾಗಿ, ನೇಕಾರನಾಗಿ, ಗುಮಾಸ್ತನಾಗಿ, ಉಪಾಧ್ಯಾಯನಾಗಿ ಬದುಕಿ, ಕರೆ ಬಂದ ದಿನ ಸಮವಸ್ತ್ರ ತೊಟ್ಟು ಹೊರಡುವವರ ವಿಚಾರ.

ಮೀಸಲು ಎಂಬ ಮಾತು ನಮ್ಮ ಸೀಮೆಯ ಮನೆಗಳಿಗೆ ಹೊಸತಲ್ಲ. ಮೇಟೂರಿನ ಆಚೆಯ ಊರುಗಳಿಂದಲೂ ಪೆನ್ನಾಗರದ ಕಡೆಯಿಂದಲೂ ಮಲೆಯ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಒಕ್ಕಲುಗಳಲ್ಲಿ ಹಸು ಕರು ಹಾಕಿದರೆ ದೇವರಿಗೆಂದು ಹಾಲನ್ನು ಮೀಸಲು ಕಟ್ಟುತ್ತಾರೆ. ಆ ಹಾಲನ್ನು ಮನೆಯ ಮಗು ಕೇಳಿದರೂ ಕೊಡುವುದಿಲ್ಲ. ಎಲ್ಲರೂ ಕುಡಿದು ಮಿಕ್ಕದ್ದನ್ನು ದೇವರಿಗೆ ಒಯ್ಯುವ ಪದ್ಧತಿ ಎಲ್ಲಿಯೂ ಇಲ್ಲ. ಮೊದಲೇ ಎತ್ತಿಟ್ಟದ್ದು ಮಾತ್ರ ಮೀಸಲಾಗುತ್ತದೆ. ಹಾಗೆ ಎತ್ತಿಡುವಾಗ ಮನೆಯವರೆಲ್ಲರಿಗೂ ಅಷ್ಟು ಹಾಲು ಕಡಿಮೆಯಾಗುತ್ತದೆಂಬುದೂ ಗೊತ್ತಿರುತ್ತದೆ. ಈ ಎರಡನೆಯ ಸಂಗತಿಯನ್ನು ಸಭೆಯು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕೆಂದು ಪ್ರಾರ್ಥಿಸುತ್ತೇವೆ.

ಸ್ವತಂತ್ರ ಭಾರತದ ಪ್ರಾದೇಶಿಕ ಸೇನೆಗೂ ನಮ್ಮ ಸೀಮೆಗೂ ಒಂದು ನಂಟಿದೆ. ಬ್ರಿಟಿಷರ ಕಾಲದಲ್ಲಿ, 1920ರಲ್ಲಿ, ಎರಡು ಬಗೆಯ ಅರೆಕಾಲಿಕ ಪಡೆಗಳು ಏರ್ಪಟ್ಟಿದ್ದವು: ಯೂರೋಪಿಯನ್ನರಿಗೂ ಆಂಗ್ಲೋ ಇಂಡಿಯನ್ನರಿಗೂ ಒಂದು, ಭಾರತೀಯರಿಗೆ ಇನ್ನೊಂದು. ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ಪ್ರಾದೇಶಿಕ ಸೇನಾ ಕಾಯಿದೆಯಾಯಿತು. 1949ರ ಅಕ್ಟೋಬರ್ 9ರಂದು ಅದನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದವರು ಅಂದಿನ ಗವರ್ನರ್ ಜನರಲ್ ಚಕ್ರವರ್ತಿ ರಾಜಗೋಪಾಲಾಚಾರಿಯವರು. ರಾಜಾಜಿ ಹುಟ್ಟಿದ ತೊರಪ್ಪಳ್ಳಿ ಹೊಸೂರಿನ ಮಗ್ಗುಲಲ್ಲೇ ಇದೆ. ಈಗ ಅದು ಕೃಷ್ಣಗಿರಿ ಜಿಲ್ಲೆಗೆ ಸೇರಿದ್ದರೂ ಅವರು ಹುಟ್ಟಿದ 1878ರಲ್ಲಿ ಸೇಲಂ ಜಿಲ್ಲೆಯ ಊರು. ಧರ್ಮಪುರಿ ಬೇರೆ ಜಿಲ್ಲೆಯಾದದ್ದೇ 1965ರಲ್ಲಿ. ಅವರು ಸೇಲಮ್ಮಿನಲ್ಲಿ ವಕೀಲಿ ಮಾಡಿದರು, 1917ರಿಂದ ಇಲ್ಲಿನ ನಗರಸಭೆಯ ಅಧ್ಯಕ್ಷರಾಗಿದ್ದರು, 1925ರಲ್ಲಿ ತಿರುಚೆಂಗೋಡಿನ ಬಳಿ ಪುದುಪಾಳ್ಯದಲ್ಲಿ ಗಾಂಧಿ ಆಶ್ರಮ ಕಟ್ಟಿದರು. ಅದೇ ದಿನಗಳಲ್ಲಿ ನಮ್ಮ ಸೇನೆಯ ದಂಡನಾಯಕರಾಗಿದ್ದವರು ಕೊಡಗಿನ ಕಾರ್ಯಪ್ಪನವರು. 1949ರ ಜನವರಿ 15ರಂದು ಆ ಹುದ್ದೆಗೆ ಬಂದ ಮೊದಲ ಭಾರತೀಯರು. ತೊರಪ್ಪಳ್ಳಿಯವರೊಬ್ಬರು ಉದ್ಘಾಟಿಸಿ, ಕೊಡಗಿನವರೊಬ್ಬರು ದಂಡನಾಯಕರಾಗಿದ್ದ ಕಾಲದಲ್ಲಿ ಈ ಸೇನೆ ನೆಲೆಗೊಂಡಿತೆಂಬುದನ್ನು ಪಾಠ ಮಾಡುವಾಗ ಮಕ್ಕಳಿಗೆ ಹೇಳಿದರೆ ತಪ್ಪೇನೂ ಇಲ್ಲ.

ಅಹಿಂಸೆಯ ಆಶ್ರಮ ಕಟ್ಟಿದವರಿಗೆ ಸೇನೆಯ ಉದ್ಘಾಟನೆ ಹೇಗೆ ಒಗ್ಗಿತೆಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ನಾವೂ ಹುಡುಗುತನದಲ್ಲಿ ಕೇಳಿದ್ದೆವು. 1942ರ ಏಪ್ರಿಲ್ 6ರಂದು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಜಪಾನೀಯರ ಬಾಂಬು ಬಿದ್ದಾಗ ಮದರಾಸು ನಗರವೇ ಗಂಟುಮೂಟೆ ಕಟ್ಟಿತು. ರೈಲುಗಳಲ್ಲಿ ನಿಲ್ಲಲು ಸ್ಥಳವಿರಲಿಲ್ಲ. ಸರ್ಕಾರದ ಕಚೇರಿಗಳೂ ನಗರ ಬಿಟ್ಟು ಹೊರಟವು. ದೇಶದ ಜನರನ್ನು ರಕ್ಷಣೆಯ ಹೊಣೆಯಿಂದ ಹೊರಗಿಟ್ಟದ್ದೇ ಈ ಗಾಬರಿಗೆ ಮೂಲವೆಂಬುದು ರಾಜಾಜಿಯವರ ನಿಲುವಾಗಿತ್ತು. ರಾಷ್ಟ್ರೀಯ ಸರ್ಕಾರವೊಂದು ಏರ್ಪಟ್ಟು ಜನರೇ ನಾಡಿನ ರಕ್ಷಣೆಗೆ ನಿಲ್ಲಬೇಕೆಂದು ವಾದಿಸಿ, ಆ ವರ್ಷ ತಮ್ಮ ಪಕ್ಷದಿಂದಲೇ ಅವರು ಹೊರಗೆ ಬಂದರು. ಅವರ ವಾದ ಸರಿಯೋ ತಪ್ಪೋ ಎಂಬ ಚರ್ಚೆ ಈ ಸಭೆಗೆ ಬೇಡ. ಏಳು ವರ್ಷಗಳ ಅನಂತರ ನಾಗರಿಕರ ಸೇನೆಯೊಂದನ್ನು ಉದ್ಘಾಟಿಸಿದವರ ಮನಸ್ಸಿನಲ್ಲಿ ಆ ಏಪ್ರಿಲ್ ತಿಂಗಳ ರೈಲು ನಿಲ್ದಾಣಗಳ ನೆನಪು ಇದ್ದಿರಬಹುದೆಂದು ನಾವು ಊಹಿಸುತ್ತೇವೆ.

ಈ ಸೇನೆಯ ಕಟ್ಟುಪಾಡು ಸರಳವಾದುದು. ಇದು ಉದ್ಯೋಗ ಕೊಡುವ ಸಂಸ್ಥೆಯಲ್ಲ. ಬೇರೊಂದು ದುಡಿಮೆಯ ಆಧಾರವುಳ್ಳವರಿಗೆ ಎಂದೇ ಇದನ್ನು ರೂಪಿಸಿದ್ದಾರೆ. ವಯಸ್ಸು 18ರಿಂದ 42. ಕಾಲಾಳು ದಳಗಳವರು ವರ್ಷಕ್ಕೆ ಎರಡು ತಿಂಗಳ ತರಬೇತಿ ಪಡೆಯುತ್ತಾರೆ. ಕರೆ ಬಂದು ಸೇವೆಯಲ್ಲಿರುವಷ್ಟು ಕಾಲ ಸಂಬಳವೂ ಸೌಲಭ್ಯವೂ ಖಾಯಂ ಸೈನಿಕರಂತೆ. ಕರೆ ಇಲ್ಲದ ಕಾಲದಲ್ಲಿ ಅವರವರ ದುಡಿಮೆ ಅವರವರಿಗೆ. ನಮಗೆ ಹತ್ತಿರದವು ಕೊಯಮತ್ತೂರಿನ 110ನೆಯ ದಳ, ತಿರುಚಿರಾಪಳ್ಳಿಯ 117ನೆಯ ದಳ. ರೈಲ್ವೆ, ತೈಲ ಕಂಪೆನಿಗಳ ನೌಕರರನ್ನೇ ಕೂಡಿಸಿ ಮಾಡಿದ ಇಲಾಖಾ ಘಟಕಗಳೂ ಇದರಲ್ಲಿವೆ. 1982ರಲ್ಲಿ ನಿವೃತ್ತ ಯೋಧರನ್ನು ಕೂಡಿಸಿ ಗಿಡ ನೆಡುವ ದಳವೊಂದನ್ನು ಹುಟ್ಟುಹಾಕಿದರು. ಸುಣ್ಣಕಲ್ಲು ಗಣಿಗಾರಿಕೆಯಿಂದ ಬೋಳಾಗಿದ್ದ ಮಸ್ಸೂರಿಯ ಬೆಟ್ಟಗಳನ್ನು ಆ ದಳದವರು ಮತ್ತೆ ಹಸಿರು ಮಾಡಿದರು. ನಮ್ಮ ಏರ್ಕಾಡಿನ ಬುಡದ ಗಣಿಗಳನ್ನು ನೋಡುವಾಗಲೆಲ್ಲ ಅಂಥದೊಂದು ದಳ ಇತ್ತ ಕಡೆಯೂ ಬಾರದೇ ಎಂದು ಆಸೆಯಾಗುತ್ತದೆ. ಅದು ಬೇರೆಯ ಮಾತು.

ಯುದ್ಧ ಬಂದಾಗ ಇವರ ಕೆಲಸವೇನು? 1962, 1965, 1971 ಮೂರೂ ಸಂದರ್ಭಗಳಲ್ಲಿ ಇವರನ್ನು ಕರೆದಿದ್ದಾರೆ. ಸೇತುವೆ, ವಿಮಾನನೆಲೆ, ಉಗ್ರಾಣ, ರೈಲುಹಾದಿ ಇವುಗಳ ಕಾವಲು ಮುಖ್ಯವಾದುದು. ಕೇಳುವುದಕ್ಕೆ ಇದು ಸಣ್ಣ ಕೆಲಸದಂತೆ ತೋರುತ್ತದೆ. ಆದರೆ ಒಂದು ಸೇತುವೆಯ ಕಾವಲಿಗೆ ಪ್ರಾದೇಶಿಕ ಸೇನೆಯ ಮೂವತ್ತು ಜನ ನಿಂತರೆ, ಅಲ್ಲಿದ್ದ ಖಾಯಂ ಸೇನೆಯ ಮೂವತ್ತು ಜನ ಗಡಿಗೆ ಹೋಗಬಹುದು. ಹಿಂದೆ ನಿಂತವನ ಬಲದಿಂದ ಮುಂದೆ ಹೋದವನು ಹೋಗುತ್ತಾನೆ. ಹಾಗಾದರೆ ಹಿಂದೆ ನಿಂತವನ ಹಿಂದೆ ಯಾರು ನಿಲ್ಲುತ್ತಾರೆ? ನಮ್ಮ ಗೆಳೆಯನ ಕಥೆ ಈ ಪ್ರಶ್ನೆಯ ಕಥೆ.

1971ರ ದೀಪಾವಳಿ ಕಳೆದ ಮೇಲೆ ಅವನಿಗೆ ಕರೆ ಬಂತು. ಆಗ ಅವನಿಗೆ ಇಪ್ಪತ್ತನಾಲ್ಕು. ತಂದೆ ತೀರಿಕೊಂಡಿದ್ದರು, ತಾಯಿ, ಹೆಂಡತಿ, ಶಾಲೆಗೆ ಹೋಗುವ ಒಬ್ಬ ತಮ್ಮ. ಮನೆಯಲ್ಲಿ ಒಂದು ಗುಂಡಿ ಮಗ್ಗ. ಮಗ್ಗದ ಮೇಲೆ ಹಾಸು ಏರಿತ್ತು, ನಾಲ್ಕು ಜೊತೆ ಪಂಚೆ ಬಾಕಿ. ನೂಲು ಕೊಟ್ಟ ಯಜಮಾನರಿಂದ ಮುಂಗಡ ಪಡೆದಾಗಿತ್ತು. ಸಂಕ್ರಾಂತಿಯೊಳಗೆ ಎರಡು ಹಾಸು ಮುಗಿಸಿಕೊಡಬೇಕೆಂಬ ಮಾತಿತ್ತು. ರೈಲು ನಿಲ್ದಾಣಕ್ಕೆ ನಾವು ನಾಲ್ವರೂ ಹೋದೆವು. "ನಿನ್ನ ಮಗ್ಗ ನಿಲ್ಲದ ಹಾಗೆ ನಾವು ನೋಡಿಕೊಳ್ಳುತ್ತೇವೆ" ಎಂದೆವು. ಅವನು ನಕ್ಕು, "ಅಮ್ಮನಿಗೆ ಗುಂಡಿಗೆ ಇಳಿಯಲು ಬಿಡಬೇಡಿ, ಅವಳಿಗೆ ಮಂಡಿನೋವು" ಎಂದನು. ಹಾರವನ್ನೂ ಹಾಕಿದೆವು. ನಮ್ಮ ಬೀದಿಯ ಹಿರಿಯರು ಒಂದು ಸಣ್ಣ ಸಭೆ ಮಾಡಿದರು. ಅದರಲ್ಲಿ ನಾವೂ ಮಾತಾಡಿದೆವು. ಏನು ಮಾತಾಡಿದೆವೋ ಮರೆತಿದೆ. ಚಪ್ಪಾಳೆ ಬಿದ್ದದ್ದು ನೆನಪಿದೆ.

ಮೊದಲ ಮೂರು ವಾರ ಮಾತು ಉಳಿಸಿಕೊಂಡೆವು. ಸರದಿಯ ಮೇಲೆ ಹೋಗಿ ಮಗ್ಗದಲ್ಲಿ ಕೂತೆವು. ನಮ್ಮ ಕೈಯ ನೇಯ್ಗೆ ಅವನ ಕೈಯಷ್ಟು ಬಿಗಿಯಲ್ಲವೆಂದು ಅವನ ತಾಯಿಗೆ ಗೊತ್ತಾಗುತ್ತಿತ್ತು; ಅವರು ಏನೂ ಹೇಳುತ್ತಿರಲಿಲ್ಲ, ಕಂಡಿಕೆ ಸುತ್ತುತ್ತ ಪಕ್ಕದಲ್ಲೇ ಕೂತಿರುತ್ತಿದ್ದರು. ಆಮೇಲೆ ಮಳೆ ಹಿಡಿಯಿತು. ನಮ್ಮ ಕಡೆ ಹಿಂಗಾರಿನ ತಿಂಗಳುಗಳಲ್ಲಿ ಮಗ್ಗದ ಕೆಲಸ ಎಷ್ಟು ಕಷ್ಟವೆಂಬುದು ಮಗ್ಗದ ಮನೆಯವರಿಗೆ ಗೊತ್ತು. ಹತ್ತಿಯ ಹಾಸಿಗೆ ಗಂಜಿ ಹಚ್ಚುವುದು ಬೀದಿಯಲ್ಲಿ, ನಸುಕಿನ ಹೊತ್ತು, ಬಿಸಿಲು ಏರುವ ಮುನ್ನ. ಒಬ್ಬರಿಂದ ಆಗುವ ಕೆಲಸವಲ್ಲ, ನಾಲ್ಕಾರು ಜನ ಬೇಕು. ಮಳೆ ಬಿಟ್ಟ ಒಂದು ಬೆಳಗು ಸಿಕ್ಕಿದರೆ ಬೀದಿಯ ಮನೆಗಳೆಲ್ಲ ತಮ್ಮ ತಮ್ಮ ಹಾಸಿನ ಚಿಂತೆಯಲ್ಲಿರುತ್ತವೆ. ನಮ್ಮಲ್ಲೊಬ್ಬನಿಗೆ ಪರೀಕ್ಷೆ ಬಂತು. ಒಬ್ಬನಿಗೆ ಮೇಟೂರಿನಲ್ಲಿ ಕೆಲಸ ಸಿಕ್ಕಿತು. ಒಬ್ಬನ ಮನೆಯಲ್ಲಿ ಅಕ್ಕನ ಮದುವೆ. ನಾಲ್ಕನೆಯವನಿಗೆ ಯಾವ ಕಾರಣವೂ ಇರಲಿಲ್ಲ. ಉಳಿದ ಮೂವರು ಬರದಿದ್ದಾಗ ತಾನೊಬ್ಬನೇ ಏಕೆ ಹೋಗಬೇಕೆಂದು ನಿಂತುಬಿಟ್ಟನು. ಆ ನಾಲ್ಕನೆಯವನೂ ಈ ಭಾಷಣ ಬರೆದ ಮೂವರಲ್ಲಿ ಇದ್ದಾನೆ. ಈ ವಾಕ್ಯ ಸೇರಲೇಬೇಕೆಂದು ಹಟ ಹಿಡಿದವನೂ ಅವನೇ.

ಡಿಸೆಂಬರ್ 3ರಂದು ಯುದ್ಧ ಶುರುವಾಯಿತು. ರೇಡಿಯೋ ಇದ್ದ ಮನೆಯ ಮುಂದೆ ಬೀದಿಯೇ ಸೇರುತ್ತಿತ್ತು. ಢಾಕಾ ಬಿದ್ದ ಸುದ್ದಿ 16ರಂದು ಬಂದಾಗ ಬೀದಿಯಲ್ಲಿ ಪಟಾಕಿ ಸುಟ್ಟರು. ಆ ಸಂಜೆ ಪಟಾಕಿಯ ಸದ್ದಿನ ನಡುವೆ ಅವನ ಮನೆಯಿಂದ ಲಾಳಿಯ ಸದ್ದು ಕೇಳಿಸುತ್ತಿತ್ತು. ಬಗ್ಗಿ ನೋಡಿದರೆ ಗುಂಡಿಯಲ್ಲಿ ಅವನ ತಾಯಿ ಕೂತಿದ್ದರು. ನಾವು ಒಳಗೆ ಹೋಗಲಿಲ್ಲ.

ಅವನ ಸಂಬಳದ ಮೊದಲ ಮನಿ ಆರ್ಡರ್ ಬರುವಷ್ಟರಲ್ಲಿ ಅಂಗಡಿಯ ಲೆಕ್ಕ ಬೆಳೆದಿತ್ತು. ಸಂಕ್ರಾಂತಿಗೆ ಒಂದು ಹಾಸು ಮಾತ್ರ ಮುಗಿದಿತ್ತು. ಯಜಮಾನರು ಕೆಟ್ಟವರಲ್ಲ, ಅವರ ಮೇಲೂ ಜವಳಿ ಅಂಗಡಿಯವರ ಒತ್ತಾಯವಿತ್ತು. ಎರಡನೆಯ ಹಾಸಿನ ನೂಲನ್ನು ಬೇರೆ ಮನೆಗೆ ಕೊಟ್ಟರು. ಮುಂಗಡ ಸಾಲವಾಗಿ ನಿಂತಿತು. ಬೇಸಿಗೆಯಲ್ಲಿ ಅವನು ಹಿಂದಿರುಗಿದಾಗ ಮಗ್ಗ ಬರಿದಾಗಿತ್ತು, ತಾಯಿ ಮಂಚ ಹಿಡಿದಿದ್ದರು. ಅವನು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಎಲ್ಲಿದ್ದೆ ಎಂದು ಕೇಳಿದರೆ, ಬಡಗಣ ದಿಕ್ಕಿನಲ್ಲೊಂದು ಸೇತುವೆಯೆಂದೂ ರಾತ್ರಿಯ ಚಳಿ ವಿಪರೀತವೆಂದೂ ಹೇಳಿದನು. ಬಹಳ ವರ್ಷದ ಮೇಲೆ ಒಮ್ಮೆ ಮಾತ್ರ, ಮತ್ತಾವುದೋ ಮಾತಿನ ನಡುವೆ, "ಯುದ್ಧ ಹದಿಮೂರು ದಿನಕ್ಕೆ ಮುಗಿಯಿತು, ನನಗೆ ಮಗ್ಗದ ಸಾಲ ತೀರಿಸಲು ನಾಲ್ಕು ವರ್ಷ ಹಿಡಿಯಿತು" ಎಂದನು. ಸೇನೆಯಲ್ಲಿ ಅವನ ಅವಧಿ ಮುಗಿದಾಗ ಮುಂದುವರಿಸಲಿಲ್ಲ. ಅವನಿಗೆ ಭಯವಿರಲಿಲ್ಲ, ಮನಸ್ಸಿರಲಿಲ್ಲವೆಂದೂ ಅಲ್ಲ. ಕೊನೆಯವರೆಗೂ ಪೆಟ್ಟಿಗೆಯಲ್ಲಿ ಸಮವಸ್ತ್ರವನ್ನು ಮಡಿಸಿ ಇಟ್ಟುಕೊಂಡಿದ್ದನು. ಬಂದೂಕು ಹಿಡಿಯಲು ಕಲಿತ, ಚಳಿಯಲ್ಲಿ ನಿದ್ದೆಗೆಡಲು ಕಲಿತ ಒಬ್ಬ ಕಾವಲುಗಾರನನ್ನು ದೇಶ ಕಳೆದುಕೊಂಡಿತು. ಶತ್ರುವಿನ ಕೈ ಅದರಲ್ಲಿ ಇರಲಿಲ್ಲ. ನಮ್ಮ ಬೀದಿಯ ಕೈ ಇತ್ತು.

ಈ ಸೋಲು ನಮ್ಮ ನಾಲ್ವರದು ಮಾತ್ರವೆಂದು ಅನೇಕ ವರ್ಷ ಭಾವಿಸಿದ್ದೆವು. ವಯಸ್ಸಾದ ಮೇಲೆ ಸ್ವಲ್ಪ ಓದಿಕೊಂಡಾಗ, ಇದಕ್ಕೊಂದು ವ್ಯವಸ್ಥೆ ಬೇಕೆಂಬುದು ನಮ್ಮ ಪೂರ್ವಿಕರಿಗೆ ಗೊತ್ತಿತ್ತೆಂದು ತಿಳಿಯಿತು. ಇಂದು ಕಂದಾಚಾರವೆಂದರೆ ಮೂಢ ಪದ್ಧತಿ. ಮೈಸೂರು ಅರಸರ ಕಾಲದಲ್ಲಿ ಕಂದಾಚಾರವೆಂಬುದು ಒಂದು ಇಲಾಖೆಯ ಹೆಸರು. ಹಳ್ಳಿಗಳಲ್ಲೇ ನೆಲೆಸಿ ಕರೆ ಬಂದಾಗ ಆಯುಧ ಹಿಡಿಯುವ ಜವಾನರ ಪಡೆ. ಬಾರಾಮಹಲ್ ಎನಿಸಿಕೊಂಡ ನಮ್ಮ ಸೀಮೆ 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಕಂಪೆನಿಯ ಕೈ ಸೇರುವವರೆಗೆ ಮೈಸೂರಿನ ಅಧೀನದಲ್ಲೇ ಇತ್ತು. ಕಂದಾಚಾರದ ಆಳು ತನ್ನ ಊರಲ್ಲಿ ಹೊಲ ಉಳುತ್ತಿದ್ದನು, ಊರಿನ ಕಾವಲು ನೋಡುತ್ತಿದ್ದನು. ಅವನ ಸಂಬಳದ ಒಂದು ಭಾಗ ಭೂಮಿಯ ರೂಪದಲ್ಲಿ, ಒಂದು ಭಾಗ ಹಣದ ರೂಪದಲ್ಲಿ ಸಿಗುತ್ತಿತ್ತು. ಊರು ಬಿಟ್ಟು ದಂಡಿಗೆ ಹೋದರೆ ಮೇಲೆ ಭತ್ಯ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿಯೂ ಮೈಸೂರಿನಲ್ಲಿ ಇಂಥ ಇಪ್ಪತ್ತು ಸಾವಿರದಷ್ಟು ಜನರಿದ್ದರು. ಅವನು ದಂಡಿನಲ್ಲಿದ್ದಾಗಲೂ ಹೊಲ ಊರಲ್ಲೇ ಇರುತ್ತಿತ್ತು. ಅಣ್ಣನೋ ತಮ್ಮನೋ ಉತ್ತರೆ ಒಲೆ ಉರಿಯುತ್ತಿತ್ತು. ಹಳೆಯದೆಲ್ಲ ಒಳ್ಳೆಯದೆಂದು ನಾವು ಹೇಳುತ್ತಿಲ್ಲ. ಆ ವ್ಯವಸ್ಥೆಯಲ್ಲಿ ಬಲವಂತವಿತ್ತು, ಮೇಲುಕೀಳಿತ್ತು, ಸಂಬಳ ಸರಿಯಾಗಿ ಸಿಗದ ಕಾಲವೂ ಇದ್ದಿರಬೇಕು. ಆದರೆ ಹೋಗುವವನ ಹಿಂದೆ ಒಂದು ಮನೆ ಇದೆ ಎಂಬುದನ್ನು ಆ ಲೆಕ್ಕದ ಪುಸ್ತಕ ಮರೆತಿರಲಿಲ್ಲ.

ಇಂದಿನ ಕಾಯಿದೆಯೂ ಪೂರ್ತಿ ಮರೆತಿಲ್ಲ. ಪ್ರಾದೇಶಿಕ ಸೇನೆಯ ಕರೆಗೆ ಓಗೊಟ್ಟು ಹೋದ ನೌಕರನು ಹಿಂದಿರುಗಿದಾಗ ಅವನ ಧಣಿ ಅವನನ್ನು ಮತ್ತೆ ಕೆಲಸಕ್ಕೆ ಸೇರಿಸಿಕೊಳ್ಳಬೇಕೆಂದು 1948ರ ಕಾಯಿದೆಗೆ ಆಮೇಲೆ ಸೇರಿಸಿದ 7ಎ ಕಲಮು ವಿಧಿಸುತ್ತದೆ. ಇದು ಒಳ್ಳೆಯ ಕಲಮು. ಕಾರ್ಖಾನೆಯವನಿಗೆ, ಬ್ಯಾಂಕಿನವನಿಗೆ, ಕಚೇರಿಯವನಿಗೆ ಇದರಿಂದ ರಕ್ಷಣೆ ಉಂಟು. ಇದಿದ್ದರೂ ರಜೆಯ ಅರ್ಜಿ ಹಿಡಿದು ಮೇಲಧಿಕಾರಿಯ ಮೇಜಿನ ಮುಂದೆ ನಿಂತು ಚುಚ್ಚುಮಾತು ಕೇಳಿಸಿಕೊಂಡವರನ್ನು ನಾವು ಬಲ್ಲೆವು. ಕಾಯಿದೆ ಕೆಲಸವನ್ನು ಉಳಿಸಬಲ್ಲದು, ಮುಖವನ್ನು ತಿದ್ದಲಾರದು. ಅದಿರಲಿ. ನಮ್ಮ ಗೆಳೆಯನಿಗೆ ಧಣಿ ಯಾರು? ನೂಲು ಕೊಟ್ಟ ಯಜಮಾನರೇ? ಅವರು ಅವನನ್ನು ಕೆಲಸಕ್ಕೆ ಇಟ್ಟುಕೊಂಡಿರಲಿಲ್ಲ, ಹಾಸಿಗಿಷ್ಟು ಎಂದು ಕೂಲಿ ಕೊಡುತ್ತಿದ್ದರು. ಪಾಪಾರಪಟ್ಟಿಯ ಕಡೆ ಒಂದೂವರೆ ಎಕರೆ ರಾಗಿ ಬೆಳೆಯುವವನಿಗೆ ಧಣಿ ಯಾರು? ಸೇಲಮ್ಮಿನ ಸಂದುಗಳಲ್ಲಿ ಬೆಳ್ಳಿಯ ಕಾಲ್ಗೆಜ್ಜೆಗೆ ಬೆಸುಗೆ ಹಾಕುವವನಿಗೆ, ಆತ್ತೂರಿನ ಕಡೆ ಜವ್ವರಿಸಿ ಕಾರ್ಖಾನೆಗೆ ಮರಗೆಣಸು ಹೇರುವ ದಿನಗೂಲಿಯವನಿಗೆ, ಧರ್ಮಪುರಿಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುವವನಿಗೆ? ಧಣಿ ಇದ್ದವನನ್ನು ನೆನೆದು ಬರೆದ ಕಲಮು ಅದು. ನಮ್ಮ ಎರಡು ಜಿಲ್ಲೆಗಳ ಬಹುಜನಕ್ಕೆ ಅಂಥ ಧಣಿಯೇ ಇಲ್ಲ.

ಬೇರೆ ದೇಶಗಳಲ್ಲಿ ಈ ಹೊರೆಯನ್ನು ಬೇರೆ ರೀತಿ ಹಂಚಿಕೊಂಡಿದ್ದಾರೆ. ಸ್ವಿಟ್ಜರ್ಲೆಂಡ್, ಫಿನ್ಲೆಂಡ್‌ಗಳಲ್ಲಿ ಗಂಡುಮಕ್ಕಳಿಗೆ ಸೈನಿಕ ಸೇವೆ ಕಡ್ಡಾಯ. ಸುಮಾರು 55 ಲಕ್ಷ ಜನರಿರುವ ಫಿನ್ಲೆಂಡ್ ಯುದ್ಧ ಬಂದರೆ 2,80,000 ಜನರನ್ನು ನಿಲ್ಲಿಸುವ ಲೆಕ್ಕ ಇಟ್ಟುಕೊಂಡಿದೆ. ಅಲ್ಲಿ ಮನೆಮನೆಯಿಂದ ಒಬ್ಬರು ಹೋಗಿ ಬಂದಿರುವುದರಿಂದ ಕರೆ ಬಂದವನ ಕಷ್ಟ ನೆರೆಯವನಿಗೆ ತಾನಾಗಿ ತಿಳಿಯುತ್ತದೆ. ನಮ್ಮದು ಸ್ವಯಂಪ್ರೇರಣೆಯ ಸೇವೆ. 140 ಕೋಟಿ ಜನರ ನಡುವೆ ಪ್ರಾದೇಶಿಕ ಸೇನೆಯವರು ಸುಮಾರು 40 ಸಾವಿರ. ಬೀದಿಗೆ ಒಬ್ಬರಂತೆಯೂ ಅಲ್ಲ, ತಾಲ್ಲೂಕಿಗೆ ಬೆರಳೆಣಿಕೆ. ಆದ್ದರಿಂದಲೇ ನೆರೆಯವನಿಗೆ ಅವರು ಯಾರೆಂದೇ ಗೊತ್ತಿರುವುದಿಲ್ಲ. ಧೋನಿಯವರು ಗೌರವ ಲೆಫ್ಟಿನೆಂಟ್ ಕರ್ನಲ್ ಆಗಿ 2019ರಲ್ಲಿ ಕಾಶ್ಮೀರಕ್ಕೆ ಹೋದಾಗ ಆ ಚಿತ್ರವನ್ನು ನಾವೆಲ್ಲರೂ ಪತ್ರಿಕೆಯಲ್ಲಿ ನೋಡಿ ಸಂತೋಷಪಟ್ಟೆವು. ಅದರಲ್ಲಿ ತಪ್ಪಿಲ್ಲ. ನಮ್ಮ ಬೀದಿಯಿಂದ ಹೋದವನ ಚಿತ್ರ ಅವನ ಮನೆಯ ಗೋಡೆಯ ಮೇಲೆ ಮಾತ್ರ ಇದೆ.

ಇದೆಲ್ಲ ಮುಗಿದ ಕಾಲದ ಮಾತೆಂದು ಯಾರೂ ಭಾವಿಸಬಾರದು. 2025ರ ಮೇ ತಿಂಗಳಲ್ಲಿ ಪಶ್ಚಿಮದ ಗಡಿಯಲ್ಲಿ ಘರ್ಷಣೆ ನಡೆದಾಗ, ಪ್ರಾದೇಶಿಕ ಸೇನೆಯವರನ್ನು ಕರೆಯುವ ಅಧಿಕಾರವನ್ನು ಕೇಂದ್ರ ಸರ್ಕಾರ ಸೇನಾ ಮುಖ್ಯಸ್ಥರಿಗೆ ಕೊಟ್ಟ ಆದೇಶ ಪತ್ರಿಕೆಗಳಲ್ಲಿ ಬಂತು. 32 ಕಾಲಾಳು ದಳಗಳಲ್ಲಿ 14ನ್ನು ನಿಯೋಜಿಸುವ ಮಾತು ಅದರಲ್ಲಿತ್ತು. ಆ ಬೆಳಗು ಪತ್ರಿಕೆ ಹಿಡಿದು ನಾವು ಮೂವರೂ ಒಬ್ಬರಿಗೊಬ್ಬರು ದೂರವಾಣಿ ಮಾಡಿದೆವು. ಯಾರೂ ಹೆಚ್ಚು ಮಾತಾಡಲಿಲ್ಲ. ಇನ್ನೊಂದು ಸಂಗತಿ: 2022ರಲ್ಲಿ ಬಂದ ಅಗ್ನಿಪಥ ಯೋಜನೆಯಂತೆ ನಾಲ್ಕು ವರ್ಷದ ಸೇವೆ ಮುಗಿಸಿದ ತರುಣರಲ್ಲಿ ಖಾಯಂ ಆಗಿ ಉಳಿಯುವವರು ಹೆಚ್ಚೆಂದರೆ ನೂರಕ್ಕೆ 25. ಉಳಿದವರು ಊರಿಗೆ ಬರುತ್ತಾರೆ. ಶಿಸ್ತು ಕಲಿತ, ಮೈ ಗಟ್ಟಿಯಾದ, ಇಪ್ಪತ್ತರ ಹರೆಯದ ಹುಡುಗರು. ಅವರಿಗೆ ಊರಲ್ಲಿ ಒಂದು ನೆಲೆ ಸಿಕ್ಕದಿದ್ದರೆ, ನಾಳೆ ಕರೆದಾಗ ಅವರನ್ನು ಎಲ್ಲಿ ಹುಡುಕುವುದು?

ಹಾಗಾದರೆ ಒಂದು ಕನ್ನಡ ಶಾಲೆ ಇದರಲ್ಲಿ ಏನು ಮಾಡಬಲ್ಲದು? ಶಾಲೆ ಸೈನಿಕರನ್ನು ತಯಾರಿಸಬೇಕೆಂದು ನಾವು ಹೇಳುವುದಿಲ್ಲ. ತಾಯಂದಿರು ಭಯಪಡಬೇಡಿ. ಎನ್‌ಸಿಸಿ ವಿಷಯದಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ: 1948ರ ಕಾಯಿದೆಯಿಂದ ಹುಟ್ಟಿದ ಎನ್‌ಸಿಸಿ ಮೀಸಲು ಪಡೆಯಲ್ಲ, ಅದರ ಹುಡುಗ ಹುಡುಗಿಯರನ್ನು ಯುದ್ಧಕ್ಕೆ ಕರೆಯುವ ಹೊಣೆಗಾರಿಕೆ ಅದರಲ್ಲಿ ಇಲ್ಲ. 1962ರ ಕಹಿಯ ಮೇಲೆ ಕಾಲೇಜುಗಳಲ್ಲಿ ಅದನ್ನು ಕೆಲ ವರ್ಷ ಕಡ್ಡಾಯ ಮಾಡಿ, ಬಳಿಕ ಕೈಬಿಟ್ಟರು. ಕವಾಯತು ಕಲಿತರೆ ಮೈಗೆ ಒಳ್ಳೆಯದು, ಅಷ್ಟೇ ಸಾಕು. ಹೋಮ್ ಗಾರ್ಡ್, ನಾಗರಿಕ ರಕ್ಷಣೆ ಇವುಗಳಿಗೆ ಸೇರಬಯಸುವ ಹಳೆಯ ವಿದ್ಯಾರ್ಥಿಗಳು ಸೇರಲಿ. ಮೇಟೂರು ಅಣೆಕಟ್ಟೆಯೂ ಉಷ್ಣವಿದ್ಯುತ್ ಸ್ಥಾವರವೂ ಸೇಲಂ ಉಕ್ಕಿನ ಕಾರ್ಖಾನೆಯೂ ಇರುವ ಸೀಮೆಯಲ್ಲಿ ಅದು ಬೇಕಾದ ಕೆಲಸವೇ.

ಶಾಲೆಯಿಂದ ನಾವು ಕೇಳುವುದು ಇನ್ನೂ ಸಣ್ಣದು. ನೂರು ವರ್ಷದಲ್ಲಿ ಇಲ್ಲಿ ಓದಿ ಸೇನೆಗೆ, ಪ್ರಾದೇಶಿಕ ಸೇನೆಗೆ, ಹೋಮ್ ಗಾರ್ಡಿಗೆ ಹೋದವರು ಯಾರು ಯಾರು ಎಂಬ ಪಟ್ಟಿ ನಮ್ಮಲ್ಲಿಲ್ಲ. ಮೊದಲ ಮಹಾಯುದ್ಧದ ಅನಂತರ ಮದರಾಸು ಪ್ರಾಂತದ ಅನೇಕ ಊರುಗಳಲ್ಲಿ, ಈ ಊರಿನಿಂದ ಇಷ್ಟು ಜನ ಯುದ್ಧಕ್ಕೆ ಹೋದರು, ಇಷ್ಟು ಜನ ಮಡಿದರು ಎಂದು ಕಲ್ಲಿನಲ್ಲಿ ಕೆತ್ತಿಸಿದರು. ಪರದೇಶದ ಸರ್ಕಾರ ಅಷ್ಟಾದರೂ ಮಾಡಿತು. ಅದಕ್ಕೂ ಸಾವಿರ ವರ್ಷ ಹಿಂದೆ, ನೊಳಂಬರು ಕನ್ನಡ ಶಾಸನ ಹಾಕಿಸಿದ ಈ ಧರ್ಮಪುರಿಯ ಸೀಮೆಯಲ್ಲಿ, ದನ ಹಿಡಿದುಕೊಂಡು ಹೋದವರನ್ನು ಅಡ್ಡಗಟ್ಟಿ ಮಡಿದವನಿಗೆ ಊರವರು ವೀರಗಲ್ಲು ನಿಲ್ಲಿಸಿದರು. ಅವನ್ನು ಧರ್ಮಪುರಿಯ ವಸ್ತುಸಂಗ್ರಹಾಲಯದಲ್ಲಿ ಮಕ್ಕಳಿಗೆ ತೋರಿಸಬಹುದು. ನಾವು ಕಲ್ಲು ಕೇಳುವುದಿಲ್ಲ. ಒಂದು ಪುಸ್ತಕ ಸಾಕು. ಅದರಲ್ಲಿ ಹೆಸರಿನ ಎದುರಿಗೆ ಅವನ ಮನೆಯ ದುಡಿಮೆ ಏನೆಂಬುದೂ ಇರಲಿ: ಮಗ್ಗವೋ, ಹೊಲವೋ, ಅಂಗಡಿಯೋ. ಅವನು ಎರಡು ತಿಂಗಳ ತರಬೇತಿಗೆ ಹೋದಾಗ ಅದನ್ನು ನೋಡಿಕೊಳ್ಳಲು ಒಪ್ಪಿದ ಹಳೆಯ ವಿದ್ಯಾರ್ಥಿಯ ಹೆಸರು ಅದರ ಪಕ್ಕದಲ್ಲಿ, ಅವನ ಸಹಿಯೊಡನೆ ಇರಲಿ. ಸಹಿ ಏಕೆಂದರೆ, ರೈಲು ನಿಲ್ದಾಣದ ಮಾತಿಗೆ ಎಷ್ಟು ಬೆಲೆಯೆಂದು ನಮಗೆ ಗೊತ್ತು.

ಹಳೆಯ ವಿದ್ಯಾರ್ಥಿಗಳಲ್ಲಿ ಈಗ ಜವಳಿ ಅಂಗಡಿ, ವಿದ್ಯುತ್ ಮಗ್ಗ, ಜವ್ವರಿಸಿ ಕಾರ್ಖಾನೆ ಇಟ್ಟವರಿದ್ದಾರೆ. ಅವರಲ್ಲಿ ನಮ್ಮ ಪ್ರಾರ್ಥನೆ: ಕರೆ ಬಂದು ಹೋದವನ ಮುಂಗಡವನ್ನು ಅವನು ಹಿಂದಿರುಗಿ ಮೂರು ತಿಂಗಳಾಗುವವರೆಗೆ ಕೇಳಬೇಡಿ. ಉಪಾಧ್ಯಾಯರಲ್ಲಿ: ಅಂಥ ಮನೆಯ ಮಗು ಆ ತಿಂಗಳುಗಳಲ್ಲಿ ಶಾಲೆಗೆ ತಡವಾಗಿ ಬಂದರೆ, ಕಂಡಿಕೆ ಸುತ್ತಿ ಬಂದಿದೆಯೇ ಎಂದು ಒಮ್ಮೆ ಕೈ ನೋಡಿ. ಮೊದಲ ಮನಿ ಆರ್ಡರ್ ಬರುವವರೆಗೆ ಅಂಗಡಿಯ ಲೆಕ್ಕ ತೀರಿಸಲು ಬೇಕಾಗುವ ಹಣ ದೊಡ್ಡದಲ್ಲ. ನಾವು ಮೂವರೂ ನಮ್ಮ ಪಿಂಚಣಿಯಿಂದ ಅದಕ್ಕೊಂದು ಸಣ್ಣ ನಿಧಿಯನ್ನು ಶಾಲೆಯ ಹೆಸರಿನಲ್ಲಿ ಇಟ್ಟಿದ್ದೇವೆ. ಇದನ್ನು ದಾನವೆಂದು ಯಾರೂ ಬರೆಯಬೇಡಿ. ನಾಲ್ಕು ವರ್ಷದ ಸಾಲದ ಬಡ್ಡಿ.

ಪುಸ್ತಕವನ್ನು ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಇಡಲು ಅವರು ಒಪ್ಪಿದ್ದಾರೆ. ಪ್ರತಿ ಶನಿವಾರ ಮಧ್ಯಾಹ್ನ ನಮ್ಮಲ್ಲೊಬ್ಬರು ಅಲ್ಲಿ ಇರುತ್ತೇವೆ. ಮೊದಲ ಪುಟದಲ್ಲಿ ನಮ್ಮ ಗೆಳೆಯನ ಹೆಸರನ್ನು ಅವನ ತಮ್ಮನು ತನ್ನ ಕೈಯಿಂದಲೇ ಬರೆದಿದ್ದಾನೆ. ಪಕ್ಕದ ಸಾಲಿನಲ್ಲಿ, ನೋಡಿಕೊಳ್ಳಬೇಕಾಗಿದ್ದವರು ಎಂಬಲ್ಲಿ, ನಮ್ಮ ನಾಲ್ವರ ಹೆಸರುಗಳಿವೆ.